ನಾಲ್ಕು ಜನರ ಕೋಣೆ

ಇವತ್ತು ಹೇಳಿಬಿಡಬೇಕು ಎಂದು ಮಾದೇವಿ ನಿಶ್ಚಯಿಸಿದ್ದು ಟೆಂಪೋದ ಬಾಗಿಲು ಹಾಕಿಕೊಂಡು ಭಟ್ಕಳದ ಪೇಟೆ ಹಿಂದೆ ಸರಿಯತೊಡಗಿದ ಮೇಲೆ. ಮನೆಯಲ್ಲಿದ್ದಾಗ ಇಂಥ ನಿಶ್ಚಯ ಬರುವುದಿಲ್ಲ. ಮನೆಯಲ್ಲಿ ಒಳಕೋಣೆಯ ಬಾಗಿಲಿರುತ್ತದೆ, ಅದರ ಹಿಂದೆ ಅಂಕಿತಾ ಇರುತ್ತಾಳೆ, ಬಾಗಿಲ ಕೆಳಗಿನ ಸಂದಿಯಿಂದ ಫ್ಯಾನಿನ ಗಾಳಿ ಹೊರಗೆ ಬರುತ್ತಿರುತ್ತದೆ. ಅಷ್ಟರಿಂದಲೇ ಮಗಳು ಎದ್ದಿದ್ದಾಳೋ ಮಲಗಿದ್ದಾಳೋ ಎಂದು ಊಹಿಸುತ್ತ ಕೂತರೆ ಬೇರೆ ಯಾವುದನ್ನೂ ಯೋಚಿಸುವುದಕ್ಕೆ ಆಗುವುದಿಲ್ಲ. ಬೆಳಿಗ್ಗೆ ಹೊರಡುವಾಗಲೂ ಆ ಬಾಗಿಲಿಗೇ ಹೇಳಿ ಬಂದಿದ್ದಳು. "ಅಂಕಿ, ನಾ ಹೊರಟೆ. ಗಂಜಿ ಅದೆ, ಪಲ್ಯ ಮುಚ್ಚಿಟ್ಟಿದ್ದೆ. ನಾಳೆ ಸಂಜೆ ಬತ್ತೆ." ಬಾಗಿಲು "ಹೂಂ" ಅಂದಿತು. ಇನ್ನೂ ಒಂದು ಮಾತು ಬರಬಹುದು ಎಂದು ಚಪ್ಪಲಿ ಮೆಟ್ಟುವುದಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡಳು. ಬರಲಿಲ್ಲ. ಅಂಗಳ ದಾಟಿ ರಸ್ತೆಗೆ ಬಂದಾಗ ಎದೆಯೊಳಗೆ ಏನೋ ಸಡಿಲವಾಯಿತು. ಅದು ಸಂತೋಷ ಎಂದು ಅವಳಿಗೆ ಗೊತ್ತು. ಗೊತ್ತಾದದ್ದಕ್ಕೇ ನಾಚಿಕೆಯಾಗಿ ತಲೆ ತಗ್ಗಿಸಿಕೊಂಡು ನಡೆದಳು, ಯಾರೋ ನೋಡಿಬಿಟ್ಟರೆಂಬ ಹಾಗೆ.

ಟೆಂಪೋ ಬೀರನದ್ದು. ಎರಡನೇ ಶನಿವಾರ ಮಾತ್ರ ಅದು ಪಾಲಕರದ್ದಾಗುತ್ತದೆ. ಮಕ್ಕಳನ್ನು ಧಾರವಾಡಕ್ಕೆ, ವಿಶ್ವವಿದ್ಯಾಲಯಕ್ಕೆ ಓದಲು ಕಳಿಸಿದ ನಾಲ್ಕು ಮನೆಯವರು ಸೇರಿ ಮಾಡಿಕೊಂಡ ಏರ್ಪಾಡು ಇದು. ಹಾಸ್ಟೆಲಿನಲ್ಲಿ ಪಾಲಕರು ರಾತ್ರಿ ಉಳಿಯುವಂತಿಲ್ಲ. ಬಸ್ಸು ಹಿಡಿದು ಹೋದರೆ ಹುಬ್ಬಳ್ಳಿಯಲ್ಲಿ ಇಳಿದು ಇನ್ನೊಂದು ಬಸ್ಸು, ಮಕ್ಕಳ ಮುಖ ನೋಡುವ ಹೊತ್ತಿಗೆ ತಿರುಗಿ ಹೊರಡುವ ಹೊತ್ತು. ಹಾಗಾಗಿ ಹೊನ್ನಾವರದ ಕಮಲಾಕರ ಮಾಸ್ತರರು ತಿರುಗಿ ತಿರುಗಿ, ಅಲ್ಲಿನ ಒಬ್ಬ ಅಜ್ಜಿಯ ಮನೆಯ ಹಿಂಬದಿಯ ಕೋಣೆಯನ್ನು ಪಾಲಕರಿಗೆಂದೇ ಹಿಡಿದಿದ್ದರು. ಒಳಗೆ ಅಡುಗೆಕಟ್ಟೆ, ಹೊರಗೆ ಬಚ್ಚಲು, ಮುಂದೆ ಚಿಕ್ಕ ಪಡಸಾಲೆ. ಗಂಡಸರು ಪಡಸಾಲೆಯಲ್ಲಿ, ಹೆಂಗಸರು ಒಳಗೆ. ಅಜ್ಜಿಯ ಷರತ್ತು ಒಂದೇ, ನಾಲ್ಕು ಜನಕ್ಕಿಂತ ಹೆಚ್ಚು ಮಲಗಬಾರದು. ಐದನೆಯವರ ಚಪ್ಪಲಿ ಬಾಗಿಲಲ್ಲಿ ಕಂಡರೆ ಆವತ್ತೇ ಕೋಣೆ ಖಾಲಿ ಮಾಡಬೇಕು. ಆ ನಾಲ್ಕರಲ್ಲಿ ಒಂದು ಜಾಗ ಮಾದೇವಿಯದ್ದು, ಅಡುಗೆಕಟ್ಟೆಯ ಪಕ್ಕದ್ದು, ತಲೆಯ ಹತ್ತಿರ ಸಿಲಿಂಡರು. ಅಂಕಿತಾ ಓದು ಬಿಟ್ಟು ಮನೆಗೆ ಬಂದದ್ದು ದೀಪಾವಳಿ ಕಳೆದ ಮೇಲೆ. ಈಗ ಮಾವು ಮಿಡಿ ಬಿಟ್ಟಿದೆ. ಮಾದೇವಿ ಮಾತ್ರ ಒಂದು ತಿಂಗಳೂ ತಪ್ಪಿಸದೆ ಧಾರವಾಡಕ್ಕೆ ಹೋಗುತ್ತಿದ್ದಾಳೆ.

ಹಿಂದಿನ ಸೀಟಿನ ಕಿಟಕಿಯ ಬದಿಯಲ್ಲಿ ಕೂತು ಅವಳು ಮಡಿಲಲ್ಲಿದ್ದ ಮಲ್ಲಿಗೆಯನ್ನು ಬಾಳೆನಾರಿನಲ್ಲಿ ಕಟ್ಟತೊಡಗಿದಳು. ಹುಟ್ಟಿದಾಗಿನಿಂದ ಮಾಡಿದ ಕೆಲಸ, ಕೈಗೆ ಕಣ್ಣು ಬೇಡ. ಕನ್ನಡಿಯಲ್ಲಿ ಬೀರ ನೋಡುತ್ತಿದ್ದ. "ಎಂತ ಮಾದೇವಕ್ಕ, ಮೋರೆ ಸಣ್ಣ ಆಗದೆ ಇವತ್ತು? ಮಗಳು ಫೋನು ಮಾಡ್ಲಿಲ್ವಾ?" "ಮಾಡಿತ್ತು," ಅಂದಳು. "ಪರೀಕ್ಷೆ ಅಂತೆ." ಹೇಳಿದ ಮೇಲೆ ನಾಲಿಗೆಯನ್ನು ಹಲ್ಲಿನ ನಡುವೆ ಇಟ್ಟುಕೊಂಡಳು. ಕೇಳದೇ ಇದ್ದದ್ದನ್ನು ಹೇಳುವ ಅಗತ್ಯ ಇತ್ತೇ? ಸುಳ್ಳು ಎಂದರೆ ಇದೇ, ಒಂದು ಸಾಕು ಎನ್ನುವಲ್ಲಿ ಅದು ಎರಡಾಗಿ ಬರುತ್ತದೆ. ಬೀರ "ಪರೀಕ್ಷೆ ಅಂದ್ರೆ ಈ ಮಕ್ಕಳಿಗೆ ಜ್ವರ ಬಂದ ಹಾಗೆ" ಎಂದು ನಕ್ಕು ಗೇರು ಬದಲಿಸಿದ. ಅವನ ನಗು ಅರ್ಧಕ್ಕೇ ನಿಂತ ಹಾಗೆ ಅವಳಿಗೆ ಕಂಡಿತು. ಹಾಗೆ ಕಂಡದ್ದು ತನ್ನದೇ ಹುಳುಕಿನಿಂದ ಇರಬಹುದು. ದೀಪಾವಳಿಯಿಂದೀಚೆ ಯಾರ ನಗುವೂ ಅವಳಿಗೆ ಪೂರ್ತಿ ಕಂಡದ್ದಿಲ್ಲ.

ಅಂಕಿತಾ ಆವತ್ತು ಬಂದು ಚೀಲ ಇಳಿಸಿ, "ತಲೆಗೆ ಹೋಗೂದಿಲ್ಲ ಅಮ್ಮ. ಪುಸ್ತಕ ತೆಗೆದ್ರೆ ಅಕ್ಷರ ಎಲ್ಲ ಒಂದೇ ಕಾಣ್ತದೆ," ಎಂದಿದ್ದಳು. ಅಷ್ಟೇ. ಯಾರೂ ಏನೂ ಅಂದಿರಲಿಲ್ಲ, ಯಾವ ಹುಡುಗನ ವಿಷಯವೂ ಇರಲಿಲ್ಲ, ನಪಾಸೂ ಆಗಿರಲಿಲ್ಲ. ಏನಾದರೂ ಇದ್ದಿದ್ದರೆ ಹಿಡಿದುಕೊಳ್ಳುವುದಕ್ಕೆ ಒಂದು ತುದಿ ಸಿಗುತ್ತಿತ್ತು. ಗಂಡ ರಾಮ ಮಲ್ಪೆಯ ಬೋಟಿನಲ್ಲಿ ಇರುವವನು, ಫೋನಿನಲ್ಲಿ ಎಲ್ಲ ಕೇಳಿ, ಗಾಳಿಯ ಸದ್ದಿನ ನಡುವೆ, "ನೀ ನೋಡ್ಕ" ಎಂದಿದ್ದ. ಮಾದೇವಿ ನೋಡಿಕೊಂಡಳು. ದಿನವೂ ನೋಡಿಕೊಂಡಳು. ಬಾಗಿಲ ಬಳಿ ತಟ್ಟೆ ಇಟ್ಟಳು, ತಟ್ಟೆ ಎತ್ತಿದಳು. "ಹೊರಗೆ ಬಾ, ಗಾಳಿಗೆ ಕೂತ್ಕ" ಅಂದಳು. "ಎಂತ ಆತು ಹೇಳು" ಅಂದಳು. ರಾತ್ರಿ ಬಾಗಿಲಿಗೆ ಕಿವಿಯಿಟ್ಟು ಉಸಿರು ಕೇಳಿದಳು. ನೆರೆಯವರು ಕೇಳಿದರೆ "ಓದೂಕೆ ರಜೆ ಕೊಟ್ಟಿದ್ರು" ಅಂದಳು. ಓದುವ ರಜೆ ಇಷ್ಟು ಉದ್ದ ಇರುತ್ತದೆಯೇ ಎಂದು ನೆರೆಯವರಲ್ಲಿ ಯಾರಿಗೂ ತಿಳಿಯದಿದ್ದದ್ದು ಪುಣ್ಯ.

ಮಂಕಿಯಲ್ಲಿ ಸರೋಜಾ ಹತ್ತಿದಳು. ಯಾವಾಗಲೂ ಓಡಿಬರುವವಳು, ಸೆರಗಿನಲ್ಲಿ ಹಿಟ್ಟು, ಎರಡು ಕೈಯಲ್ಲಿ ಎರಡು ಡಬ್ಬ. ತೆಂಗಿನ ತೋಟದ ಕೆಲಸ ಬಿಟ್ಟು ಹೊರಡುವುದೇ ಅವಳಿಗೆ ಹಬ್ಬ. "ಹಿಡಿ ಮಾರಾಯ್ತಿ, ಹಿಡಿ. ಇದು ವೀಣಾಗೆ, ಇದು ನಿನ್ನ ಅಂಕಿತಾಗೆ. ಎರಡರಲ್ಲೂ ಒಂದೇ, ಜಗಳ ಬೇಡ." ಮಾದೇವಿ ಡಬ್ಬ ಹಿಡಿದಳು. ಬಿಸಿ ಇನ್ನೂ ಇತ್ತು. ವೀಣಾ ಮತ್ತು ಅಂಕಿತಾ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದವರು. ಅಂಕಿತಾಳ ಡಬ್ಬವನ್ನು ಮಾದೇವಿ ಪ್ರತಿ ತಿಂಗಳೂ ವೀಣಾಳ ಕೈಗೇ ಕೊಡುತ್ತಾಳೆ, ಹಾಸ್ಟೆಲಿನ ಗೇಟಿನ ಹೊರಗೆ, ಮರದ ಮರೆಯಲ್ಲಿ. ವೀಣಾ ತಲೆ ತಗ್ಗಿಸಿ ತೆಗೆದುಕೊಳ್ಳುತ್ತಾಳೆ. "ನಿನ್ನ ಅಮ್ಮನ ಹತ್ರ ಹೇಳ್ಬೇಡ ಮಗಾ" ಎಂದು ಮೊದಲ ಸಲ ಬೇಡಿಕೊಂಡಾಗ ಆ ಹುಡುಗಿ "ಇಲ್ಲ ಆಂಟಿ" ಎಂದು ಕೈ ಹಿಡಿದಿದ್ದಳು. ಹಾಗೆ ಸರೋಜಾ ಮಾಡಿದ ಎರಡೂ ಡಬ್ಬ ಸರೋಜಾಳ ಮಗಳೇ ತಿನ್ನುತ್ತಾಳೆ. ಇದರಲ್ಲಿ ನಗುವಂಥದ್ದು ಇದೆ, ಬೇರೆ ಯಾರದಾದರೂ ಕತೆಯಾಗಿದ್ದರೆ ಮಾದೇವಿಯೂ ನಗುತ್ತಿದ್ದಳು. ಈಗ ಹೇಳಬೇಕು, ಟೆಂಪೋದಲ್ಲಿ ಇಬ್ಬರೇ ಹೆಂಗಸರು ಇರುವಾಗಲೇ. "ಸರೋಜಾ, ಒಂದು ಮಾತು," ಎಂದಳು. ಸರೋಜಾ ಕಿಟಕಿಯ ಹೊರಗೆ ನೋಡುತ್ತ, "ಅಯ್ಯೋ, ಆ ಗದ್ದೆ ನೋಡು, ಶೇಂಗಾ ಎಷ್ಟು ಹಸುರು ಬಂದದೆ," ಅಂದಳು. ಆಮೇಲೆ ಶೇಂಗಾದ ಮಾತು ಬಂತು, ಶೇಂಗಾದಿಂದ ಕಾಡುಹಂದಿ, ಕಾಡುಹಂದಿಯಿಂದ ಅವಳ ಮೈದುನ. ಮಾದೇವಿಯ ಒಂದು ಮಾತು ತೊಡೆಯ ಮೇಲಿನ ಡಬ್ಬದ ಕೆಳಗೆ ಬೆವರುತ್ತ ಉಳಿಯಿತು.

ಹೊನ್ನಾವರದ ಈಚೆ ದಡದ ಕಾಸರಕೋಡು ಬಂದದ್ದು ಮೂಗಿಗೆ ಮೊದಲು ತಿಳಿಯಿತು. ಒಣಮೀನಿನ ವಾಸನೆ ಕಿಟಕಿಯಿಂದ ಒಳಗೆ ಬಂದು ಕೂತಿತು. ಶರಾವತಿ ಸೇತುವೆಯ ಮೇಲೆ ಒಂದು ಲಾರಿ ಕೆಟ್ಟು ನಿಂತು, ಹಿಂದೆ ಮುಂದೆ ವಾಹನಗಳು ಸೇರಿಕೊಂಡು ಟೆಂಪೋ ನಡುನೀರಿನ ಮೇಲೆ ನಿಂತುಬಿಟ್ಟಿತು. ಕೆಳಗೆ ಹೊಳೆ ಅಗಲವಾಗಿ, ಸಮುದ್ರಕ್ಕೆ ಹೋಗುವ ಅವಸರವೇ ಇಲ್ಲದ ಹಾಗೆ ಬಿದ್ದುಕೊಂಡಿತ್ತು. ಮೊದಲ ಸಲ, ಅಂಕಿತಾ ಬಂದ ಮೇಲಿನ ಮೊದಲ ಎರಡನೇ ಶನಿವಾರ, ಮಾದೇವಿ ಹೊರಟದ್ದು ತನ್ನ ಹಾಸಿಗೆ ಪಾತ್ರೆ ತರುವುದಕ್ಕೆ, ಇನ್ನು ನನ್ನ ಜಾಗ ಬೇಡ ಎಂದು ಹೇಳುವುದಕ್ಕೆ. ಅದಕ್ಕಾಗಿಯೇ ಹೋಗಿದ್ದಳು. ಆದರೆ ಕೋಣೆಯ ಬಾಗಿಲು ತೆಗೆದ ಕೂಡಲೇ ಸರೋಜಾ ಬಂಗುಡೆಯ ಪಾತ್ರೆಯನ್ನು ಕೈಗೆ ಕೊಟ್ಟು, "ನೀನೇ ಮಾಡೆ, ನಿನ್ನ ಕೈ ಸಾರಿಗೆ ಮಕ್ಕಳು ಕಾಯ್ತಾ ಅವೆ" ಎಂದಿದ್ದಳು. ಮೀನು ಕೈಯಲ್ಲಿದೆ, ಕೊಯ್ಯಬೇಕು. ಕೊಯ್ದ ಮೇಲೆ ಮಸಾಲೆ ಅರೆಯಬೇಕು. ಅರೆದ ಮೇಲೆ ಮಕ್ಕಳು ಬಂದರು. ಬಂದವರಿಗೆ ಬಡಿಸಬೇಕು. ಬಡಿಸುತ್ತ ಇರುವಾಗ ವೀಣಾಳ ಜೊತೆ ಬಂದ ಗೆಳತಿಯೊಬ್ಬಳು "ಆಂಟಿ, ನಮ್ಮ ಅಮ್ಮನಕ್ಕಿಂತ ನೀವೇ ಚಲೋ ಮಾಡ್ತ್ರಿ" ಅಂದಳು, ಮಾದೇವಿ ಜೋರಾಗಿ ನಕ್ಕುಬಿಟ್ಟಳು. ತನ್ನ ನಗು ತನಗೇ ಕೇಳಿ ಬೆಚ್ಚಿದಳು. ಮನೆಯಲ್ಲಿ ಮಗಳು ಕತ್ತಲ ಕೋಣೆಯಲ್ಲಿ ಬಿದ್ದುಕೊಂಡಿರುವಾಗ ನಗು ಎಲ್ಲಿಂದ ಬಂತು? ಆ ರಾತ್ರಿ ಸಿಲಿಂಡರಿನ ಪಕ್ಕದಲ್ಲಿ ಮಲಗಿ, ಮಗಳು ಬಂದಾಗಿನಿಂದ ಬಾರದ ನಿದ್ದೆ ಬಂದಿತ್ತು. ಮರುದಿನ ಭಟ್ಕಳದಲ್ಲಿ ಇಳಿದು ಮನೆಯ ಬಾಗಿಲ ಮುಂದೆ ನಿಂತು, ಮುಖ ಒರೆಸಿ, ಒಳಗೆ ಹೋಗುವುದಕ್ಕೆ ತಕ್ಕ ಮುಖ ಮಾಡಿಕೊಂಡಿದ್ದಳು. ಈಗ ಅದು ಅಭ್ಯಾಸವಾಗಿದೆ.

ಲಾರಿಯನ್ನು ಬದಿಗೆ ಎಳೆದರು. ಹೊನ್ನಾವರದಲ್ಲಿ ಕಮಲಾಕರ ಮಾಸ್ತರರು ಛತ್ರಿ ಊರಿ ಕಾಯುತ್ತ ನಿಂತಿದ್ದರು, ತಡವಾದದ್ದಕ್ಕೆ ಬೀರನನ್ನು ಶಾಲೆಯ ಹುಡುಗನ ಹಾಗೆ ನೋಡಿ ಮುಂದಿನ ಸೀಟಿನಲ್ಲಿ ಕೂತರು. ಮಾಸ್ತರರ ಮಗ ನಾಗರಾಜ. ಅವನನ್ನು ಪಾಲಕರ ಕೋಣೆಯಲ್ಲಿ ಯಾರೂ ಕಂಡದ್ದೇ ಕಡಿಮೆ. ಮಾಸ್ತರರು ಇಡೀ ಭಾನುವಾರ ಪಡಸಾಲೆಯಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿ ಕೂತಿರುತ್ತಾರೆ. ಅವನು ಬರುವುದಿಲ್ಲ. "ಲೈಬ್ರರಿಯಿಂದ ಏಳೂದೇ ಇಲ್ಲ ನಮ್ಮವ" ಎಂದು ಸಂಜೆ ಅವರೇ ಹೇಳುತ್ತಾರೆ. "ಓದೂ ಹುಡುಗ ಮಾಸ್ತರೆ, ಬಿಡಿ" ಎಂದು ಎಲ್ಲರೂ ಒಪ್ಪುತ್ತಾರೆ. ಈ ಟೆಂಪೋದ ರೀತಿ ಅದು. ಯಾರೂ ಕೂತು ಮಾಡಿದ ನಿಯಮವಲ್ಲ. ಮಕ್ಕಳ ವಿಷಯದಲ್ಲಿ ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಿದ್ದುವುದಿಲ್ಲ.

"ಒಂದು ವಿಷಯ," ಎಂದು ಮಾಸ್ತರರು ಹಿಂದೆ ತಿರುಗಿದರು. "ಹಿರೇಗುತ್ತಿಯಲ್ಲಿ ಒಬ್ಬಳು ಹೊಸಬಳು ಹತ್ತತಾಳೆ. ಸುಬ್ಬಿ ಅಂತ, ಹಾಲಕ್ಕಿ ಒಕ್ಕಲಿಗರವಳು. ಮಗಳು ನೇತ್ರಾ ಎಂ.ಎ. ಓದ್ತದೆ, ಹಾಸ್ಟೆಲಿಗೆ ಸೇರಿ ಸ್ವಲ್ಪ ದಿವಸ ಆತು. ಟೆಂಪೋದಲ್ಲಿ ಕರ್ಕಂಡು ಹೋಗ್ತೆ ಅಂದಿದ್ದೆ. ಕೋಣೆಯಲ್ಲಿ ಮಾತ್ರ ಜಾಗ ಇಲ್ಲ ಅಂತ ಹೇಳಿದ್ದೆ." ಸರೋಜಾ, "ರಾತ್ರಿ ಎಲ್ಲಿರ್ತದೆ ಹಂಗಾರೆ?" ಎಂದಳು. "ಬಸ್‌ಸ್ಟ್ಯಾಂಡಲ್ಲಿ ಕೂತ್ಕಂಡು ಬೆಳಗು ಮಾಡ್ತೆ ಅಂದ್ಳು. ನಾ ಎಂತ ಮಾಡೂದು? ಅಜ್ಜಿ ಚಪ್ಪಲಿ ಎಣಿಸ್ತದೆ." ಬೀರ, "ಅವಳು ಚಪ್ಪಲಿನೇ ಹಾಕೂದಿಲ್ಲ ಮಾಸ್ತರೆ, ಅಜ್ಜಿಗೆ ಗೊತ್ತಾಗೂದು ಹ್ಯಾಗೆ?" ಎಂದ. ಸರೋಜಾ ಕಿಸಕ್ಕನೆ ನಕ್ಕಳು. ಮಾಸ್ತರರು ನಗಲಿಲ್ಲ.

ಮಾದೇವಿಯ ಕೈ ನಿಂತಿತು. ಧಾರವಾಡದ ಬಸ್‌ಸ್ಟ್ಯಾಂಡು ಅವಳ ಕಣ್ಣೆದುರು ಬಂತು. ಸಿಮೆಂಟಿನ ಬೆಂಚು, ನೊಣ, ಸೆರಗು ಹೊದ್ದು ಕೂತ ಒಬ್ಬ ಹೆಂಗಸು. ಅದೇ ಹೊತ್ತಿಗೆ ತಾನು ಒಳಗೆ, ಸಿಲಿಂಡರಿನ ಪಕ್ಕದಲ್ಲಿ, ಅಲ್ಲಿ ಓದುವ ಯಾರ ತಾಯಿಯೂ ಅಲ್ಲದವಳು, ಗಟ್ಟಿ ನಿದ್ದೆಯಲ್ಲಿ. ಈಗ ಹೇಳಬೇಕು. ಇದಕ್ಕಿಂತ ಸರಿಯಾದ ಸಮಯ ಬರುವುದಿಲ್ಲ. "ಮಾಸ್ತರೆ," ಎಂದಳು, "ನನ್ನ ಜಾಗ ಅವಳಿಗೆ..." "ಛೆ, ಛೆ," ಎಂದರು ಮಾಸ್ತರರು ಬೇಗನೆ, ಅವಳು ಹೇಳಿ ಮುಗಿಸುವುದರೊಳಗೆ. "ನೀವು ಯಾಕೆ ಬಿಡೂದು? ನೀವು ಮೊದಲಿಂದ ಇದ್ದವರು. ನೀವಿಲ್ದೆ ಆ ಕೋಣೆಗೆ ಎಂತ ಕಳೆ ಅದೆ?" ಮುಂದೆ ತಿರುಗಿ ಕೂತು ಕನ್ನಡಕ ಒರೆಸತೊಡಗಿದರು. ಒರೆಸುವುದಕ್ಕೆ ಅದರಲ್ಲಿ ಏನೂ ಇರಲಿಲ್ಲ. ಮರ್ಯಾದೆಯ ಮಾತೇ, ಆದರೂ ಮಾದೇವಿಗೆ ತನ್ನ ಬಾಯಿಯ ಮೇಲೆ ಯಾರೋ ಕೈಯಿಟ್ಟ ಹಾಗಾಯಿತು. ಒಳಗೊಳಗೇ ಸಮಾಧಾನವೂ ಆಯಿತು. ಹೇಳುವುದಕ್ಕೆ ಹೊರಟಿದ್ದೆ, ಬಿಡಲಿಲ್ಲ, ನನ್ನ ತಪ್ಪೇನು? ಈ ಸಮಾಧಾನದ ಹೊಲಸು ರುಚಿ ಹಳದೀಪುರ ದಾಟುವವರೆಗೂ ಬಾಯಲ್ಲಿತ್ತು.

ಕುಮಟೆಯಲ್ಲಿ ವಿಘ್ನೇಶ್ವರ ಭಟ್ಟರು ಹತ್ತಿದರು. ಹೆಗಲಿಗೆ ಬಟ್ಟೆಯ ಚೀಲ, ಅದರಲ್ಲಿ ಅವಲಕ್ಕಿ, ಸ್ವಂತ ಲೋಟ. ಫೋನು ಕಿವಿಯಲ್ಲೇ. "ಇಲ್ಲೆ ಇಲ್ಲೆ, ಈಗ ಹತ್ತಿದೆ. ನಾಳೆ ಬತ್ತೆ. ತುಪ್ಪ ಇದ್ದು, ಚೀಲದಲ್ಲಿ ಇದ್ದು," ಎಂದು ಹೆಂಡತಿಗೆ ಹೇಳಿ ಮುಗಿಸಿ, ಎಲ್ಲರಿಗೂ ನಮಸ್ಕಾರ ಮಾಡಿ, ಮನೆಮಾತು ಬಿಟ್ಟು ಎಲ್ಲರ ಕನ್ನಡಕ್ಕೆ ಬಂದರು. "ಎಂತ ಮಾದೇವಿ, ಹುಡುಗಿ ಅಡ್ಡಿಲ್ವಾ?" "ಅಡ್ಡಿಲ್ಲ ಭಟ್ರೆ." ಭಟ್ಟರು ಕೋಣೆಯಲ್ಲಿ ಉಣ್ಣುವುದಿಲ್ಲ, ಖಾನಾವಳಿಗೆ ಹೋಗುತ್ತಾರೆ. ಅವರು ಆ ಕಡೆ ಹೋದ ಕೂಡಲೇ ಅವರ ಮಗ ಉದಯ ಈ ಕಡೆ ಬರುತ್ತಾನೆ, ಮಣೆ ಎಳೆದುಕೊಂಡು ಮಾದೇವಿಯ ಎದುರು ಕೂರುತ್ತಾನೆ. ಮೊದಲ ಸಲ ಮೀನನ್ನು ಹೇಗೆ ಬಿಡಿಸುವುದು ಎಂದು ಅವಳೇ ತೋರಿಸಿಕೊಟ್ಟಿದ್ದಳು. ಈಗ ಮುಳ್ಳನ್ನು ಸಾಲಾಗಿ ಇಡುತ್ತಾನೆ. ತಿಂದು ಲಿಂಬೆಸಿಪ್ಪೆಯಿಂದ ಕೈ ತೊಳೆಯುತ್ತಾನೆ. ಭಟ್ಟರು ಊಟ ಮುಗಿಸಿ ಗೇಟಿನ ಹತ್ತಿರ ಬಂದವರು ಅಲ್ಲೇ ನಿಂತು ಜೋರಾಗಿ ಕೆಮ್ಮುತ್ತಾರೆ, ಆಮೇಲೆ ಒಳಗೆ ಬರುತ್ತಾರೆ. ಒಮ್ಮೆಯೂ ಕೆಮ್ಮದೆ ಬಂದದ್ದಿಲ್ಲ. ಆ ಕೆಮ್ಮಿನ ಅರ್ಥ ಮಾದೇವಿಗೆ ಎಷ್ಟೋ ತಿಂಗಳ ಹಿಂದೆಯೇ ಆಗಿತ್ತು, ಅವಳು ಯಾರಿಗೂ ಹೇಳಿರಲಿಲ್ಲ. ಇನ್ನೊಬ್ಬರದ್ದು ತನಗೆ ಇಷ್ಟು ಚೆನ್ನಾಗಿ ಗೊತ್ತಿರುವಾಗ ತನ್ನದು ಇನ್ನೊಬ್ಬರಿಗೆ ಗೊತ್ತಿರಬಹುದೆಂದು ಅವಳಿಗೆ ಇಲ್ಲಿಯವರೆಗೆ ಹೊಳೆದಿರಲಿಲ್ಲ. ಹೊಳೆದಿತ್ತೋ ಏನೋ, ಅವಳೇ ಅದನ್ನು ಆಚೆ ತಳ್ಳಿದ್ದಿರಬೇಕು.

ಹಿರೇಗುತ್ತಿಯ ನಿಲ್ದಾಣದಲ್ಲಿ ಸುಬ್ಬಿ ಗಂಟುಗಳ ನಡುವೆ ಕೂತಿದ್ದಳು. ಹರಿವೆ ಸೊಪ್ಪಿನ ಕಟ್ಟು, ಮೊಗೆಕಾಯಿ, ಒಂದು ಅಕ್ಕಿ ಚೀಲ. ಕೊರಳು ಮುಚ್ಚುವಷ್ಟು ಮಣಿಸರ. ಬೀರ ಇಳಿದು ಗಂಟುಗಳನ್ನು ಮೇಲಕ್ಕೆ ಎಸೆದು ಹಗ್ಗ ಬಿಗಿಯತೊಡಗಿದ. ಮಗಳೊಬ್ಬಳಿಗೆ ಇಷ್ಟೆಲ್ಲ ಯಾಕೆ ಎಂದು ಅವನು ಗೊಣಗಿದ್ದಕ್ಕೆ, "ಒಬ್ಬಳಿಗೆ ಅಲ್ಲ, ಅಲ್ಲಿ ಇದ್ದವ್ರಿಗೆಲ್ಲ," ಎಂದಳು ಸುಬ್ಬಿ. ಟೆಂಪೋ ಹತ್ತಿ, ಎಲ್ಲಿ ಕೂರಬೇಕು ಎಂದು ತಿಳಿಯದೆ ಬಗ್ಗಿ ನಿಂತಳು. ಮಾದೇವಿ ಸರಿದು ಜಾಗ ಕೊಟ್ಟಳು. ಕೂತ ಮೇಲೂ ಸುಬ್ಬಿ ಸೀಟಿನ ಅಂಚಿನಲ್ಲೇ ಇದ್ದಳು, ಪೂರ್ತಿ ಕೂತರೆ ಯಾರಾದರೂ ಏಳು ಎನ್ನುತ್ತಾರೆಂಬ ಹಾಗೆ. ಅವಳ ಮೈಯಿಂದ ಹಸಿ ಸೊಪ್ಪಿನ, ಸೌದೆಹೊಗೆಯ ವಾಸನೆ ಬರುತ್ತಿತ್ತು.

"ನಿಮ್ಮ ಮಗಳು ಎಂತ ಓದ್ತದೆ ಅಮ್ಮ?" ಎಂದು ಸುಬ್ಬಿ ಕೇಳಿದಳು.

ಮಾದೇವಿ ಬಾಯಿ ತೆರೆದಳು. ಸರಿಯಾಗಿ ಏನು ಹೇಳಲು ತೆರೆದಳೋ ಅವಳಿಗೇ ಗೊತ್ತಿರಲಿಲ್ಲ. ಅಷ್ಟರಲ್ಲಿ ಸರೋಜಾ ಅಂದಳು, "ಎಂಎಸ್ಸಿ. ನಮ್ಮ ವೀಣಾ ಜೊತೆಗೇ." ಭಟ್ಟರು, "ಹುಷಾರಿ ಹುಡುಗಿ," ಎಂದು ಸೇರಿಸಿದರು. ಮಾಸ್ತರರು ತಿರುಗದೆಯೇ, "ಪರೀಕ್ಷೆ ಹತ್ರ ಬಂತಲ್ಲ, ಓದ್ತಾ ಇರ್ತದೆ," ಅಂದರು. ಮೂವರೂ ಕಿಟಕಿಯ ಹೊರಗೆ ನೋಡುತ್ತಿದ್ದರು, ಮೂರು ಬೇರೆ ಬೇರೆ ಕಿಟಕಿ. ಹೊರಗೆ ನೋಡುವಂಥದ್ದು ಏನೂ ಇರಲಿಲ್ಲ. ಪರೀಕ್ಷೆಯ ಮಾತನ್ನು ಮಾದೇವಿ ಬೆಳಿಗ್ಗೆ ಬೀರನೊಬ್ಬನಿಗೆ ಹೇಳಿದ್ದಳು, ಮಾಸ್ತರರಿಗೆ ಹೇಳಿರಲಿಲ್ಲ. ಅವರು ತಾವೇ ಕಟ್ಟಿ ಕೊಟ್ಟರು. ಅವಳ ಸುಳ್ಳು ಈಗ ಅವಳಿಲ್ಲದೆಯೂ ನಡೆಯುತ್ತಿತ್ತು.

ಇವರಿಗೆಲ್ಲ ಎಂದಿನಿಂದ ಗೊತ್ತು? ಮೊದಲ ದಿನದಿಂದಲೇ ಇರಬೇಕು. ಬಂಗುಡೆಯ ಪಾತ್ರೆಯನ್ನು ಕೈಗೆ ಕೊಟ್ಟಾಗಲೂ ಸರೋಜಾಗೆ ಗೊತ್ತಿತ್ತು. ಇವತ್ತು ಬಿಸಿ ಡಬ್ಬ ಕೊಟ್ಟು "ನಿನ್ನ ಅಂಕಿತಾಗೆ" ಅಂದಾಗಲೂ. ತಾನು ಇವರ ಗುಟ್ಟು ಕಾಯುತ್ತಿದ್ದೇನೆ ಎಂದು ಹೆಮ್ಮೆಪಟ್ಟುಕೊಂಡಿದ್ದಾಗ ಮೂವರೂ ತನ್ನದನ್ನು ಹೊತ್ತುಕೊಂಡು ಘಟ್ಟ ಹತ್ತಿ ಇಳಿಯುತ್ತಿದ್ದರು. ಪ್ರೀತಿಯೋ? ಒಲೆಯ ಮುಂದೆ ಒಬ್ಬಳು ಬೇಕಲ್ಲ ಎಂದೋ? ಎರಡನ್ನೂ ಬೇರೆ ಮಾಡುವುದಕ್ಕೆ ಆಗುವ ಹಾಗಿರಲಿಲ್ಲ.

ಸುಬ್ಬಿಗೆ ಇದ್ಯಾವುದೂ ತಿಳಿಯಲಿಲ್ಲ. ಎಂಎಸ್ಸಿ ಎಂದರೆ ದೊಡ್ಡದು ಎಂದು ತಲೆಯಾಡಿಸಿ, "ವೀಣಾ ಅಂದ್ರೆ ಮಂಕಿದು? ನಮ್ಮ ನೇತ್ರಾ ಅದರ ಕೋಣೇಲೇ ಅದೆ," ಅಂದಳು. "ಭಟ್ಕಳದ್ದು ಒಂದು ಹುಡುಗಿ ಬಿಟ್ಟು ಹೋಯ್ತಂತೆ, ಪಾಪ. ಅದರ ಮಂಚ ನಮ್ಮದಕ್ಕೆ ಸಿಕ್ತು. ಇಲ್ದಿದ್ರೆ ಹೊರಗೇ ಆಗಿತ್ತು ನಮ್ಮ ಹುಡುಗಿ. ಆ ತಾಯಿ ಹೊಟ್ಟೆ ಎಷ್ಟು ಉರೀತದೋ ಅಂತ ನಾ ದಿನಾ ನೆನೀತೆ." ಟೆಂಪೋದ ಮೇಲೆ ಬೀರ ಇನ್ನೂ ಹಗ್ಗ ಎಳೆಯುತ್ತಿದ್ದ. "ಅದು ಬೇರೆ ಹುಡುಗಿ," ಎಂದಳು ಸರೋಜಾ. "ಭಟ್ಕಳದಲ್ಲಿ ಹುಡುಗಿಯರು ಕಮ್ಮಿಯಾ?"

"ಬೇರೆ ಅಲ್ಲ," ಎಂದಳು ಮಾದೇವಿ. ಸ್ವರ ಅವಳು ನೆನೆಸಿದ್ದಕ್ಕಿಂತ ಸಾದಾ ಬಂತು, ಉಪ್ಪು ಸಾಕಾ ಎಂದು ಕೇಳುವ ಹಾಗೆ. "ಅದು ನನ್ನ ಮಗಳ ಮಂಚ. ಅವಳು ಮನೇಲಿ ಅದೆ. ದೀಪಾವಳಿಯಿಂದ ಮನೇಲೇ ಅದೆ."

ಯಾರೂ ಬೆರಗಾಗಲಿಲ್ಲ. ಬೆರಗಾದ ಹಾಗೆ ಮಾಡುವುದಕ್ಕೂ ಯಾರಿಗೂ ಹೊಳೆಯಲಿಲ್ಲ. ಭಟ್ಟರು ಚೀಲವನ್ನು ತೊಡೆಯ ಮೇಲೆ ಸರಿಮಾಡಿಕೊಂಡು, "ಅದನ್ನೆಲ್ಲ ಈಗ ಎತ್ತೂದು ಬೇಡ ಮಾದೇವಿ. ಒಂದು ಎತ್ತಿದ್ರೆ ಎಲ್ಲ ಏಳ್ತದೆ," ಅಂದರು. ಅವರ ಸ್ವರದಲ್ಲಿ ಬೇಡಿಕೆ ಇತ್ತು. ಮಾಸ್ತರರು ಮೆಲ್ಲಗೆ, "ನಾವು ಯಾರಾದ್ರೂ ಕೇಳಿದ್ವಾ? ಕೇಳಿಲ್ಲ. ಕೇಳೂದೂ ಇಲ್ಲ. ನೀವು ಬರೂದು, ಇರೂದು, ಮಕ್ಕಳಿಗೆ ಎರಡು ಹೊತ್ತು ನಿಮ್ಮ ಕೈ ಊಟ. ಅಷ್ಟೇ ಅಲ್ವಾ?" ಎಂದರು. ಸರೋಜಾ ಅವಳ ಮೊಣಕೈ ಹಿಡಿದಳು. "ಸುಮ್ನೆ ಕೂತ್ಕಳೆ ಮಾದೇವಕ್ಕ. ಯಾರು ಎಂತ ಅಂದ್ರು ನಿಂಗೆ? ಇನ್ನೂ ಹತ್ತು ವರ್ಷ ಹೀಗೇ ಬಂದ್ರೂ ಯಾರೂ ಎಂತ ಅನ್ನೂದಿಲ್ಲ." ಹತ್ತು ವರ್ಷ ಎಂದು ಅವಳು ಸಮಾಧಾನಕ್ಕೆಂದೇ ಹೇಳಿದ್ದಳು. ಮಾದೇವಿಗೆ ಆ ಹತ್ತು ವರ್ಷವೂ ಒಟ್ಟಿಗೆ ಕಂಡಿತು. ವೀಣಾ, ಉದಯ, ನೇತ್ರಾ ಎಲ್ಲ ಓದಿ ಹೋದಮೇಲೂ ಬೇರೆ ಮಕ್ಕಳು, ಬೇರೆ ಪಾಲಕರು, ಮಣೆ ಎಳೆದುಕೊಂಡು ಕೂರುವ ಬೇರೆ ಉದಯ, ತಾನು ಮಾತ್ರ ಸಿಲಿಂಡರಿನ ಪಕ್ಕದಲ್ಲಿ ಅದೇ ಓದುತ್ತಿರುವ ಹುಡುಗಿಯ ತಾಯಿ.

ಸುಬ್ಬಿ ಎದ್ದು ನಿಂತಿದ್ದಳು. "ನಾ ಎಂತಾ ತಪ್ಪು ಮಾತಾಡ್ದೆನಾ? ನಾ ಇಳೀತೆ. ನಾ ಬಸ್ಸಿಗೆ ಬತ್ತೆ," ಎನ್ನುತ್ತಿದ್ದಳು. ಮಾದೇವಿ ಅವಳ ಭುಜ ಒತ್ತಿ ಕೂರಿಸಿದಳು, ಈ ಸಲ ಪೂರ್ತಿ, ಬೆನ್ನು ಸೀಟಿಗೆ ತಾಗುವ ಹಾಗೆ. "ನೀ ಕೂತ್ಕ. ಕೋಣೇಲಿ ಒಲೆ ಹತ್ರ ಒಂದು ಜಾಗ ಅದೆ, ಅದು ನಿನ್ನದು. ಗ್ಯಾಸಿನ ಎಡಗಡೆದು ಒಲೆ ಹೊತ್ತೂದಿಲ್ಲ, ಬಲಗಡೆದೇ ಹಚ್ಚು. ಅಜ್ಜಿ ಬೈದ್ರೆ ಎದುರು ಮಾತಾಡ್ಬೇಡ." "ಅಡುಗೆ ನಾ ಮಾಡೂದಾ?" ಎಂದಳು ಸುಬ್ಬಿ. ಸರೋಜಾ ಮಾಸ್ತರರ ಕಡೆ, ಮಾಸ್ತರರು ಹೊರಗಡೆ ನೋಡಿದರು. "ನೀನೇ ಮಾಡು," ಎಂದಳು ಮಾದೇವಿ. "ಹಸಿದ ಮಕ್ಕಳು, ಉಣ್ತವೆ."

ಅವಳು ಇಳಿದದ್ದನ್ನು ನೋಡಿ ಬೀರ ಹಗ್ಗ ಬಿಟ್ಟು, "ಎಂತ ಆತು ಅಕ್ಕ?" ಎಂದ. "ಎಂತ ಇಲ್ಲ, ಹೊರಡು, ಹೊತ್ತಾತು." ಮಾಸ್ತರರು ಕಿಟಕಿಯಿಂದ ತಲೆ ಹೊರಗೆ ಹಾಕಿದರು. ಟೆಂಪೋ ಹೊರಟಿತು. ಹಿಂದಿನ ಗಾಜಿನಲ್ಲಿ ಸುಬ್ಬಿಯ ಮುಖ, ಹೆದರಿದ್ದು, ತಿರುಗಿ ನೋಡುತ್ತಲೇ ಹೋಯಿತು. ಆಮೇಲೆ ರಸ್ತೆ ಬರಿದಾಯಿತು.

ಮಾದೇವಿ ಆಳವಾಗಿ ಉಸಿರೆಳೆದಳು. ಮುಗಿಯಿತು. ಇನ್ನು ಮನೆಗೆ ಹೋಗುವುದು. ಆಚೆ ಬದಿಗೆ ದಾಟಿದರೆ ಭಟ್ಕಳದ ಕಡೆಯ ಬಸ್ಸು ಸಿಗುತ್ತದೆ, ಮಧ್ಯಾಹ್ನಕ್ಕೆ ಮನೆ. ಬಾಗಿಲು ತಟ್ಟಿ, ಅಂಕಿ, ನಾ ಬಂದೆ, ಇನ್ನು ಹೋಗೂದಿಲ್ಲ, ಎಲ್ಲರಿಗೂ ಹೇಳಿ ಬಂದೆ ಎನ್ನುವುದು. ಆ ಮಾತು ಕೇಳಿದರೆ ಬಾಗಿಲು ತೆರೆದರೂ ತೆರೆದೀತು. ಮೊದಲೇ ಹೇಳಿಬಿಡೋಣ ಎಂದು ಫೋನು ಮಾಡಿದಳು. ಮನೆಯಲ್ಲಿದ್ದು ಪಕ್ಕದ ಕೋಣೆಯಿಂದ ಕರೆದರೂ ಓಗೊಡದ ಮಗಳು ಒಂದೇ ರಿಂಗಿಗೆ ಎತ್ತಿದಳು.

"ಅಮ್ಮ! ಎಲ್ಲಿ ಮುಟ್ದೆ?" ಸ್ವರ ದೊಡ್ಡದಾಗಿತ್ತು, ಏದುಸಿರಿತ್ತು, ಹೊರಗೆಲ್ಲೋ ನಿಂತು ಮಾತಾಡುವ ಹಾಗೆ. ಹಿಂದೆ ಬಾವಿಯ ರಾಟೆಯ ಸದ್ದು, ಯಾರದೋ ನಗು. ಪಕ್ಕದ ಮನೆಯ ಹುಡುಗಿಯದು.

"ಹಿರೇಗುತ್ತಿ," ಎಂದಳು ಮಾದೇವಿ.

"ಇನ್ನೂ ಅಷ್ಟೇನಾ? ಅಮ್ಮ, ಹುಣಸೆಹುಳಿ ಎಲ್ಲಿಟ್ಟಿದ್ದೆ? ಮೀನಿನವಳು ಬಂದಿತ್ತು, ತಾರಲೆ ತಕಂಡೆ. ಸಾರು ಮಾಡೂದು."

"ಕರಿ ಭರಣಿಲಿ. ಅಟ್ಟದ ಕೆಳಗೆ." ಗಂಜಿ ಇದೆಯಲ್ಲ ಎನ್ನುವುದಕ್ಕೆ ಬಾಯಿ ಬರಲಿಲ್ಲ. ಮಗಳು ಮೀನಿನವಳನ್ನು ಗೇಟಿನಲ್ಲಿ ನಿಲ್ಲಿಸಿ, ಚೌಕಾಸಿ ಮಾಡಿ, ಮೀನು ಕೊಂಡು, ಅಂಗಳದಲ್ಲಿ ಕೂತು ಕೊಯ್ದದ್ದು ಕಣ್ಣಿಗೆ ಕಟ್ಟಿತು. ಭಾನುವಾರ ಸಂಜೆ ಮನೆಗೆ ಬಂದಾಗಲೆಲ್ಲ ಅಂಗಳ ಗುಡಿಸಿರುತ್ತಿತ್ತು. ಗಿಡಕ್ಕೆ ನೀರು ಬಿದ್ದಿರುತ್ತಿತ್ತು. ನೆರೆಯವರ ಉಪಕಾರ ಎಂದುಕೊಂಡು ಅವರಿಗೆ ಹೂವು ಕಳಿಸಿದ್ದಳು, ಅವರು ಯಾಕೆ ಎಂದು ಕೇಳದೆ ಮುಡಿದುಕೊಂಡಿದ್ದರು. ಈ ಎರಡು ದಿನದ ಸಂತೋಷವನ್ನು ತಾನೊಬ್ಬಳೇ ಕದ್ದು ತಿನ್ನುತ್ತಿದ್ದೇನೆ ಎಂದುಕೊಂಡಿದ್ದಳಲ್ಲ. ಆಚೆ ಇನ್ನೊಬ್ಬಳೂ ತಿಂಗಳೆಲ್ಲ ಕಾದು ಕೂತು, ತಾಯಿಯ ಕಿವಿ ಬಾಗಿಲಿನಿಂದ ದೂರವಾದ ಕೂಡಲೇ ಚಿಲಕ ಸರಿಸಿ ಹೊರಗೆ ಬರುತ್ತಿದ್ದಳು.

"ಅಮ್ಮ, ಕೇಳ್ತದಾ? ನಾಳೆ ಸಂಜೆನೇ ಅಲ್ವಾ ನೀ ಬರೂದು?" ಆ ಪ್ರಶ್ನೆಯ ತುದಿ ಸ್ವಲ್ಪ ನಡುಗಿತು. ರಾಟೆಯ ಸದ್ದು ನಿಂತಿತ್ತು, ನಗುವೂ ನಿಂತಿತ್ತು, ಉತ್ತರಕ್ಕೆ ಅಲ್ಲಿ ಎಲ್ಲ ಕಾಯುತ್ತಿದ್ದ ಹಾಗೆ.

"ಹೌದು ಮಗಾ," ಎಂದಳು ಮಾದೇವಿ. "ನಾಳೆ ಸಂಜೆ. ಟೆಂಪೋ ಈಗ ಹೊರಡ್ತದೆ, ಇಡ್ತೆ."

ನಿಲ್ದಾಣದ ಕಲ್ಲುಬೆಂಚು ಬಿಸಿಲಿಗೆ ಕಾದಿತ್ತು. ಅದರ ತುದಿಯಲ್ಲಿ, ಸುಬ್ಬಿ ಸೀಟಿನ ಅಂಚಿನಲ್ಲಿ ಕೂತಿದ್ದ ಹಾಗೆ ಕೂತಳು. ಇನ್ನೂ ಶನಿವಾರದ ಬೆಳಿಗ್ಗೆಯೇ ಮುಗಿದಿರಲಿಲ್ಲ. ಆಚೆ ಬದಿಯಲ್ಲಿ ಭಟ್ಕಳದ ಬಸ್ಸು ಬಂದು ನಿಂತಿತು. ಒಬ್ಬಳೇ ಹೆಂಗಸು ಕೂತದ್ದನ್ನು ಕಂಡು ಕಂಡಕ್ಟರು ಬಾಗಿಲಿನಿಂದ ಬಗ್ಗಿ, ಹೆದ್ದಾರಿಯ ಆಚೆಯಿಂದಲೇ, ಬರ್ತೀರಾ ಎಂದು ಕೈಮಾಡಿ ಕೇಳಿದ. ಮಾದೇವಿ ಇಲ್ಲ ಎಂದು ತಲೆಯಾಡಿಸಿದಳು.